ಎರಡು ಕಾಲಮಿನ ಚಾರ್ಟು

ಬಿ.ಇಡಿ. ಕಾಲೇಜುಗಳಲ್ಲಿ ಗುಂಪು ಯೋಜನೆಗೆಂದು ಹಂಚುವ ವಿಷಯಗಳ ಪಟ್ಟಿಯಲ್ಲಿ "ಕಲಿಕಾರ್ಥಿ ಕೇಂದ್ರಿತ ಬೋಧನೆ ಮತ್ತು ಸಾಂಪ್ರದಾಯಿಕ ಬೋಧನೆ: ಒಂದು ತುಲನಾತ್ಮಕ ಅಧ್ಯಯನ" ಎಂಬ ಶೀರ್ಷಿಕೆಗೆ ಕಾಯಂ ಸ್ಥಾನವಿದೆ. ಗುಂಪು ಯೋಜನೆಯೆಂದರೆ ಐದಾರು ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ತರಬೇತಿ ಪಡೆಯುತ್ತಿರುವವರು, ಒಟ್ಟಾಗಿ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮಾಹಿತಿ ಕಲೆಹಾಕಿ, ವಿಶ್ಲೇಷಿಸಿ ವರದಿ ಒಪ್ಪಿಸುವ ಕೆಲಸ; ಅದಕ್ಕೆ ಆಂತರಿಕ ಅಂಕಗಳುಂಟು, ಆದ್ದರಿಂದ ಆತಂಕವೂ ಉಂಟು. ವಿಷಯ ಕೈಗೆ ಬಂದೊಡನೆ ಗುಂಪು ಮಾಡುವ ಮೊದಲ ಕೆಲಸವೂ ಬಹುಮಟ್ಟಿಗೆ ನಿಶ್ಚಿತವಾದದ್ದೇ: ಡ್ರಾಯಿಂಗ್ ಶೀಟೊಂದನ್ನು ತಂದು, ಸ್ಕೇಲಿಟ್ಟು ನಡುವೆ ಗೆರೆ ಎಳೆದು, ಎಡಗಡೆಯ ತಲೆಬರಹವನ್ನು ಕೆಂಪು ಸ್ಕೆಚ್ ಪೆನ್ನಿನಲ್ಲೂ ಬಲಗಡೆಯದನ್ನು ಹಸಿರಿನಲ್ಲೂ ಬರೆಯುವುದು. ಎಡಗಡೆಗೆ ಬಾಯಿಪಾಠ, ಬೆತ್ತ, ಭಯ, ನಿಷ್ಕ್ರಿಯ ವಿದ್ಯಾರ್ಥಿ ಮತ್ತು ಪಠ್ಯಪುಸ್ತಕದ ದಾಸ್ಯ ಸಲ್ಲುತ್ತವೆ. ಬಲಗಡೆಗೆ ಚಟುವಟಿಕೆ, ಸಂತಸ, ಸ್ವಾತಂತ್ರ್ಯ, ಸೃಜನಶೀಲತೆ ಮತ್ತು ಸುಗಮಕಾರನೆಂಬ ಹೊಸ ಬಿರುದು ಹೊತ್ತ ಶಿಕ್ಷಕ. ಕೆಂಪು ಯಾವುದಕ್ಕೆ ಹಸಿರು ಯಾವುದಕ್ಕೆ ಎಂಬುದು ತೀರ್ಮಾನವಾದಾಗಲೇ ಅಧ್ಯಯನದ ಫಲಿತಾಂಶವೂ ತೀರ್ಮಾನವಾಗಿರುತ್ತದೆ. ಅಲ್ಲಿಂದ ಮುಂದಿನ ಪ್ರಶ್ನಾವಳಿ, ಶೇಕಡಾವಾರು ಕೋಷ್ಟಕ, ಸ್ಪೈರಲ್ ಬೈಂಡಿಂಗ್ ಎಲ್ಲವೂ ಆ ಚಾರ್ಟಿಗೆ ಹಾಕಿಸುವ ಕಟ್ಟು ಮಾತ್ರ.

ಹೆಸರುಗಳ ಅರ್ಥವನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಏನನ್ನು, ಯಾವ ಕ್ರಮದಲ್ಲಿ, ಎಷ್ಟು ವೇಗದಲ್ಲಿ ಕಲಿಯಬೇಕೆಂಬುದನ್ನು ಶಿಕ್ಷಕ ಮತ್ತು ಪಠ್ಯಪುಸ್ತಕ ನಿರ್ಧರಿಸಿ, ಇಡೀ ತರಗತಿ ಒಂದೇ ಹೆಜ್ಜೆಯಲ್ಲಿ ಸಾಗುವ ಕ್ರಮವನ್ನು ಸಾಂಪ್ರದಾಯಿಕ ಬೋಧನೆ ಎನ್ನುತ್ತಾರೆ. ಆ ನಿರ್ಧಾರಗಳಲ್ಲಿ ಒಂದಿಷ್ಟನ್ನಾದರೂ ಮಗುವಿನ ಪೂರ್ವಜ್ಞಾನ, ಆಸಕ್ತಿ ಮತ್ತು ವೇಗಗಳಿಗೆ ಬಿಟ್ಟುಕೊಡುವ ಕ್ರಮ ಕಲಿಕಾರ್ಥಿ ಕೇಂದ್ರಿತ ಬೋಧನೆ. ಎರಡನೆಯದರ ಹಿಂದಿರುವ ತತ್ತ್ವಕ್ಕೆ ರಚನಾವಾದವೆಂದು ಹೆಸರು. ಜ್ಞಾನವನ್ನು ಒಬ್ಬರು ಇನ್ನೊಬ್ಬರ ತಲೆಗೆ ದಾಟಿಸಲಾಗದು, ಕಲಿಯುವವರು ತಮ್ಮ ಅನುಭವದ ಮೇಲೆ ತಾವೇ ಅದನ್ನು ಕಟ್ಟಿಕೊಳ್ಳಬೇಕು ಎಂಬುದು ಅದರ ಸಾರ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ತತ್ತ್ವಕ್ಕೆ ಅಧಿಕೃತ ಮನ್ನಣೆ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವಂತೂ ಚಟುವಟಿಕೆ, ಶೋಧನೆ ಮತ್ತು ಅನ್ವೇಷಣೆಗಳ ಮೂಲಕ ಮಕ್ಕಳ ಸ್ನೇಹಿಯಾದ, ಮಗು ಕೇಂದ್ರಿತ ರೀತಿಯಲ್ಲಿ ಕಲಿಕೆ ನಡೆಯುವಂತೆ ಪಠ್ಯಕ್ರಮ ರೂಪಿಸಬೇಕೆಂದು ಹೇಳಿತು. ಹೀಗೆ ಒಂದು ಕಾಲಮಿಗೆ ಸಂಸತ್ತಿನ ಮುದ್ರೆಯೇ ಬಿದ್ದಿರುವಾಗ, ಇನ್ನೊಂದರ ಪರವಾಗಿ ಒಂದು ವಾಕ್ಯವನ್ನಾದರೂ ಬರೆಯುವ ಧೈರ್ಯವನ್ನು ಆಂತರಿಕ ಅಂಕಗಳ ನಿರೀಕ್ಷೆಯಲ್ಲಿರುವ ಪ್ರಶಿಕ್ಷಣಾರ್ಥಿಯಿಂದ ಬಯಸುವುದು ತುಸು ಹೆಚ್ಚೇ ಆದೀತು.

ಆದರೆ ಬಲಗಡೆಯ ಕಾಲಮಿಗೆ ಪಿತಾಮಹರೆಂದು ಇಂಥ ವರದಿಗಳ ಮೊದಲ ಅಧ್ಯಾಯದಲ್ಲೇ ಸ್ಮರಿಸಲ್ಪಡುವ ಅಮೆರಿಕದ ಜಾನ್ ಡ್ಯೂಯಿ ಅವರೇ ನಡುವಿನ ಗೆರೆಯನ್ನು ಒಪ್ಪಿರಲಿಲ್ಲ. 1896ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಪ್ರಾಯೋಗಿಕ ಶಾಲೆಯೊಂದನ್ನು ತೆರೆದು, ಅಡುಗೆ, ಹೊಲಿಗೆ, ಮರಗೆಲಸಗಳ ಮೂಲಕ ಮಕ್ಕಳಿಗೆ ಪಾಠ ಕಲಿಸುವ ದಾರಿಯನ್ನು ತೋರಿಸಿದ ಅವರು, ನಾಲ್ಕು ದಶಕಗಳ ತರುವಾಯ 1938ರಲ್ಲಿ ಪ್ರಕಟಿಸಿದ ಅನುಭವ ಮತ್ತು ಶಿಕ್ಷಣವನ್ನು ಕುರಿತ ಕಿರುಪುಸ್ತಕವನ್ನು ಆರಂಭಿಸಿದ್ದೇ, ಇದು ಇಲ್ಲವೇ ಅದು ಎಂದು ಎರಡೇ ತುದಿಗಳಲ್ಲಿ ಯೋಚಿಸುವ ಚಾಳಿಯನ್ನು ಟೀಕಿಸುವುದರಿಂದ. ಹಳೆಯದನ್ನು ತಿರಸ್ಕರಿಸಿದ ಮಾತ್ರಕ್ಕೆ ಹೊಸ ಶಿಕ್ಷಣ ತಾನಾಗಿ ಹುಟ್ಟಿಬಿಡುವುದಿಲ್ಲವೆಂದು ಅವರು ಎಚ್ಚರಿಸಿದ್ದು ತಮ್ಮ ವಿರೋಧಿಗಳನ್ನಲ್ಲ, ತಮ್ಮ ಹೆಸರು ಹೇಳಿಕೊಂಡು ಶಾಲೆ ನಡೆಸುತ್ತಿದ್ದವರನ್ನೇ.

ಎಡಗಡೆಯ ಕಾಲಮು ಅದಕ್ಕಿಂತಲೂ ಹೆಚ್ಚು ತೊಂದರೆ ಕೊಡುತ್ತದೆ. ಸಂಪ್ರದಾಯವೆಂದರೆ ಯಾವ ಊರಿನ, ಯಾವ ಕಾಲದ ಸಂಪ್ರದಾಯವೆಂದು ಗುಂಪು ಒಮ್ಮೆಯಾದರೂ ಕೇಳಿಕೊಂಡರೆ ಬಳ್ಳಾರಿಗೆ ಹೋಗಬೇಕಾಗುತ್ತದೆ. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ಆಯಾ ಜಿಲ್ಲೆಯ ಶಾಲೆಗಳ ವಿವರ ಕಳುಹಿಸುವಂತೆ ಕಲೆಕ್ಟರುಗಳಿಗೆ ಆದೇಶಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಬರೆದ ವರದಿ, ಅಂಕಿಅಂಶಗಳ ಜೊತೆಗೆ ತರಗತಿಯ ಒಳಗನ್ನೂ ತೋರಿಸಿದ ಅಪರೂಪದ ದಾಖಲೆ. 9,27,857 ಜನಸಂಖ್ಯೆಯ ಜಿಲ್ಲೆಯಲ್ಲಿ ಅಂದು ಇದ್ದದ್ದು 533 ಶಾಲೆಗಳು, ಕಲಿಯುತ್ತಿದ್ದವರು 6,641 ಮಂದಿ; ಅವುಗಳಲ್ಲಿ ಕನ್ನಡ ಕಲಿಸುತ್ತಿದ್ದವು 235, ತೆಲುಗು ಕಲಿಸುತ್ತಿದ್ದವು 226. ಬೆಳಗಿನ ಆರು ಗಂಟೆಗೆ ಶಾಲೆ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯಲಾಗುತ್ತಿತ್ತು. ಎರಡನೆಯವನ ಅಂಗೈಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂಬುದಕ್ಕೆ ಒಂದು ಸೊನ್ನೆ. ಮೂರನೆಯವನಿಗೆ ಮೆಲುವಾದ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚುತ್ತ ಹೋಗುತ್ತಿತ್ತು. ಅಕ್ಷರಗಳನ್ನು ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿದ್ದರು. ಅರ್ಥ ತಿಳಿಯದೆ ಪದ್ಯಗಳನ್ನು ರಾಶಿ ರಾಶಿಯಾಗಿ ಬಾಯಿಪಾಠ ಮಾಡುತ್ತಿದ್ದ ಮಕ್ಕಳನ್ನು ಕ್ಯಾಂಪ್‌ಬೆಲ್ ಗಿಳಿಗೆ ಹೋಲಿಸಿದ್ದಾರೆ. ಇಷ್ಟು ಓದಿದ ಪ್ರಶಿಕ್ಷಣಾರ್ಥಿಗೆ ಕೆಂಪು ಸ್ಕೆಚ್ ಪೆನ್ನಿನ ಆಯ್ಕೆ ಸರಿಯೇ ಎನಿಸಬಹುದು.

ಅದೇ ವರದಿಯ ಮತ್ತೊಂದು ಭಾಗ ಅಷ್ಟು ಸುಲಭವಾಗಿ ಎಡಗಡೆಗೆ ಒಗ್ಗುವುದಿಲ್ಲ. ಆ ಶಾಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿದ್ದು, ವಯಸ್ಸಿನ ಲೆಕ್ಕವನ್ನು ಬಿಟ್ಟು ಅವರವರ ಶಕ್ತಿ ಮತ್ತು ಪ್ರಗತಿಗೆ ತಕ್ಕಂತೆ ಮಕ್ಕಳು ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದರು. ಕೆಳಗಿನ ವರ್ಗಗಳನ್ನು ಭಾಗಶಃ ಮುಂದಿನ ಹಂತದ ಹುಡುಗರು ನೋಡಿಕೊಳ್ಳುತ್ತಿದ್ದರು. ಮುಂದುವರಿದ ವಿದ್ಯಾರ್ಥಿ ಹಿಂದಿರುವವನಿಗೆ ಕಲಿಸುತ್ತ ತನ್ನ ತಿಳಿವಳಿಕೆಯನ್ನೂ ಗಟ್ಟಿಮಾಡಿಕೊಳ್ಳುವ ಈ ಏರ್ಪಾಡನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದು ಬರೆದರು. ಆ ಅನುಕರಣೆಯ ಕಥೆಯೂ ದಕ್ಷಿಣದ್ದೇ: ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಹಿರಿಯ ಹುಡುಗರಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ರೂಢಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಅಚ್ಚು ಹಾಕಿಸಿದರು, ಅದು ಅಲ್ಲಿ ಮದರಾಸು ಪದ್ಧತಿಯೆಂದೇ ಪ್ರಸಿದ್ಧವಾಯಿತು. ಇಂದಿನ ತರಬೇತಿ ಕೈಪಿಡಿಗಳಲ್ಲಿ ಸಹಪಾಠಿ ಕಲಿಕೆ, ಸ್ವವೇಗದ ಕಲಿಕೆ ಎಂದು ಹಸಿರು ಅಕ್ಷರದಲ್ಲಿ ಬರುವ ಎರಡು ಗುಣಗಳು ಎರಡು ಶತಮಾನಗಳ ಹಿಂದೆ ಬೆತ್ತದ ಪಕ್ಕದಲ್ಲೇ, ಗಿಳಿಪಾಠದ ನಡುವೆಯೇ ಕುಳಿತಿದ್ದವು ಎಂಬುದನ್ನು ಎರಡು ಕಾಲಮಿನ ಯಾವ ಚಾರ್ಟೂ ತೋರಿಸಲಾರದು. ಸಾಂಪ್ರದಾಯಿಕವೆಂದು ಇಂದು ಕರೆಯಲಾಗುವ ತರಗತಿ, ಅಂದರೆ ಒಂದೇ ವಯಸ್ಸಿನ ಮಕ್ಕಳ ಸಾಲು ಬೆಂಚುಗಳು, 40 ನಿಮಿಷದ ಪೀರಿಯಡ್ಡು, ರಾಜ್ಯಕ್ಕೆಲ್ಲ ಒಂದೇ ಪುಸ್ತಕ, ಒಂದೇ ಪರೀಕ್ಷೆ, ಬಳ್ಳಾರಿಯ ಮರಳಿನಿಂದ ಬಂದದ್ದಲ್ಲ. ಅದು ವಸಾಹತು ಆಡಳಿತದ ಇಲಾಖೆ ಮತ್ತು ಇನ್‌ಸ್ಪೆಕ್ಟರುಗಳ ಕಾಲದಲ್ಲಿ ನೆಲೆಯೂರಿದ್ದು.

ಇನ್ನು ಬಲಗಡೆಗೆ ಹತ್ತಿರದ ನಿದರ್ಶನವೆಂದರೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಆರಂಭಿಸಿದ ಈ ಪದ್ಧತಿ 2009-10ರಿಂದ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಆರಂಭದ ತರಗತಿಗಳಿಗೆ ವ್ಯಾಪಿಸಿತು. ನಲಿ-ಕಲಿ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಬೆರೆತು ನೆಲದ ಮೇಲೆ ವೃತ್ತಾಕಾರವಾಗಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿಯೆಂಬ ದೊಡ್ಡ ಪಟವಿರುತ್ತದೆ. ಅದರ ಮೆಟ್ಟಿಲುಗಳಲ್ಲಿ ಪ್ರಾಣಿ, ಪಕ್ಷಿ ಮೊದಲಾದ ಚಿಹ್ನೆಗಳು. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಏಣಿಯಲ್ಲಿ ಹುಡುಕಿಕೊಂಡ ಮಗು, ಆ ಚಿಹ್ನೆಯ ಕಾರ್ಡನ್ನು ಟ್ರೇಯಿಂದ ತೆಗೆದುಕೊಂಡು, ಅದೇ ಚಿಹ್ನೆಯಿರುವ ಗುಂಪು ತಟ್ಟೆಯ ಸುತ್ತ ಹೋಗಿ ಕೂರುತ್ತದೆ. ಒಂದು ತಟ್ಟೆಯವರಿಗೆ ಶಿಕ್ಷಕಿಯ ಪೂರ್ಣ ನೆರವು, ಇನ್ನೊಂದರವರಿಗೆ ಭಾಗಶಃ ನೆರವು, ಮತ್ತೊಂದರವರಿಗೆ ಜೊತೆಗಾರರ ನೆರವು, ಕೊನೆಯವರದು ಸ್ವಕಲಿಕೆ. ನಾಲ್ಕು ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಮಗು ತಿರುಗಿ ಬಂದಾಗ ಪಾಠ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ನಿಂತ ಮೆಟ್ಟಿಲಿನಿಂದಲೇ ಅದು ಹತ್ತತೊಡಗುತ್ತದೆ. ಈ ಒಂದು ಅನುಕೂಲಕ್ಕಾಗಿಯಾದರೂ ಏಣಿಯನ್ನು ಕಟ್ಟಿದವರನ್ನು ಮೆಚ್ಚಬೇಕು.

ಆದರೆ ಏಣಿಯನ್ನು ಕಟ್ಟಿದವರು ಮಕ್ಕಳಲ್ಲವೆಂಬುದನ್ನೂ ಗಮನಿಸಬೇಕು. ಯಾವ ಅಕ್ಷರಗುಂಪು ಮೊದಲು, ಯಾವುದು ಆಮೇಲೆ, ಯಾವ ಚಟುವಟಿಕೆಯ ನಂತರ ಯಾವ ಅಭ್ಯಾಸ ಎಂಬುದನ್ನೆಲ್ಲ ಅನುಭವಿ ಶಿಕ್ಷಕರು ಮೊದಲೇ ನಿಶ್ಚಯಿಸಿಟ್ಟಿದ್ದಾರೆ. ವೇಗದ ಮಟ್ಟಿಗೆ ಮಗು ಸ್ವತಂತ್ರ, ದಾರಿಯ ಮಟ್ಟಿಗೆ ಅಲ್ಲ. ಬಳ್ಳಾರಿಯ ಶಾಲೆಯನ್ನೂ ಹೆಗ್ಗಡದೇವನಕೋಟೆಯ ಕೊಠಡಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಚಾರ್ಟಿನ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ. ಯಾರು ಹೆಚ್ಚು ಮಾತನಾಡುತ್ತಾರೆ, ಕ್ರಮವನ್ನು ಯಾರು ನಿರ್ಧರಿಸುತ್ತಾರೆ, ಯಾರ ವೇಗಕ್ಕೆ ಯಾರು ಕಾಯುತ್ತಾರೆ, ಯಾರಿಗೆ ಯಾರು ಕಲಿಸುತ್ತಾರೆ, ತಪ್ಪಿಗೆ ಏನಾಗುತ್ತದೆ ಎಂಬಿವು ಐದು ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ಹಳೆಯ ಉತ್ತರ ಕೊಡುವ ತರಗತಿ ಇನ್ನೊಂದಕ್ಕೆ ಹೊಸ ಉತ್ತರವನ್ನು ಕೊಡಬಹುದು. ಐದನ್ನೂ ಒಂದೇ ಕಂತೆಯಾಗಿ ಕಟ್ಟಿ ಗೆರೆಯ ಆಚೆ ಈಚೆ ಇಟ್ಟ ಗುಂಪಿಗೆ ಹೋಲಿಸಲು ಏನೂ ಉಳಿಯುವುದಿಲ್ಲ, ಹೊಗಳಲು ಮತ್ತು ತೆಗಳಲು ಮಾತ್ರ ಉಳಿಯುತ್ತದೆ. ಈ ಐದರಲ್ಲಿ ಒಂದನ್ನಷ್ಟೇ ಆರಿಸಿಕೊಂಡ ಗುಂಪಿನ ಯೋಜನೆ ಅರ್ಧ ಮುಗಿದಂತೆ.

ಹೆಸರು ಬದಲಾದ ಮಾತ್ರಕ್ಕೆ ಕೆಲಸ ಬದಲಾಗುವುದಿಲ್ಲವೆಂಬುದನ್ನು ಪಾಠ ಯೋಜನೆಯ ನಮೂನೆಗಳೂ ಹೇಳುತ್ತವೆ. ಜರ್ಮನಿಯ ಹರ್ಬಾರ್ಟ್‌ರ ಶಿಷ್ಯಪರಂಪರೆ ರೂಪಿಸಿದ ಐದು ಸೋಪಾನಗಳ ಪಾಠ ಯೋಜನೆಯನ್ನು ಬದಿಗಿಟ್ಟು ರಚನಾವಾದದ ಐದು ಹಂತಗಳ ಪಾಠ ಯೋಜನೆಯನ್ನು ತಂದದ್ದು ದೊಡ್ಡ ಬದಲಾವಣೆಯೇ ಹೌದು. ಆದರೂ ಬೋಧನಾಭ್ಯಾಸದ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಹಿರಿಯರ ಪುಸ್ತಕದಿಂದ ನಕಲು ಮಾಡುವವರಿಗೆ ಐದು ಐದಾಗಿಯೇ ಉಳಿದಿದೆ.

ಯೋಜನೆಯ ವಿಷಯಕ್ಕಿಂತಲೂ ಅದನ್ನು ನಡೆಸುವ ಗುಂಪಿನ ಚಲನವಲನ ಹೆಚ್ಚು ಸ್ವಾರಸ್ಯಕರವಾದದ್ದು. ಯೋಜನಾ ಪದ್ಧತಿಯೆಂಬ ಹೆಸರನ್ನು ಶಿಕ್ಷಣಶಾಸ್ತ್ರದಲ್ಲಿ ಪ್ರಚುರಪಡಿಸಿದ್ದು ಡ್ಯೂಯಿ ಅವರ ಶಿಷ್ಯ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಕಟಿಸಿದ ಲೇಖನ. ಉದ್ದೇಶವನ್ನು ಹೊಂದುವುದು, ಯೋಜಿಸುವುದು, ಕಾರ್ಯಗತಗೊಳಿಸುವುದು, ತೀರ್ಪು ಹೇಳುವುದು ಎಂಬ ಅವರ ನಾಲ್ಕು ಹಂತಗಳು ಪ್ರಶ್ನೆಪತ್ರಿಕೆಗಳಲ್ಲಿ ಬರುವುದರಿಂದ ಪ್ರತಿ ಪ್ರಶಿಕ್ಷಣಾರ್ಥಿಗೂ ಕಂಠಪಾಠವಾಗಿವೆ. ಈ ನಾಲ್ಕನ್ನೂ ಕಲಿಯುವವರೇ ಮಾಡಬೇಕೆಂಬುದು ಕಿಲ್‌ಪ್ಯಾಟ್ರಿಕ್ ಅವರ ಆಶಯ. ಕಾಲೇಜಿನಲ್ಲಿ ನಡೆಯುವುದಾದರೋ, ಉದ್ದೇಶವನ್ನು ಉಪನ್ಯಾಸಕರು ಪಟ್ಟಿಯಲ್ಲಿ ಕೊಟ್ಟಿರುತ್ತಾರೆ, ಗುಂಪನ್ನು ಕ್ರಮಸಂಖ್ಯೆ ರಚಿಸಿರುತ್ತದೆ, ಯೋಜನೆಯನ್ನು ಹಿಂದಿನ ವರ್ಷದ ವರದಿ ಒದಗಿಸುತ್ತದೆ, ತೀರ್ಪನ್ನು ಪರೀಕ್ಷಕರು ಹೇಳುತ್ತಾರೆ. ಕಲಿಯುವವರ ಪಾಲಿಗೆ ಉಳಿಯುವುದು ಮೂರನೆಯ ಹಂತವೊಂದೇ, ಅದನ್ನೂ ಸಾಮಾನ್ಯವಾಗಿ ಗುಂಪಿನ ಇಬ್ಬರು ನಿರ್ವಹಿಸುತ್ತಾರೆ. ಅಕ್ಷರ ದುಂಡಾಗಿರುವವಳು ಬರೆಯುತ್ತಾಳೆ, ಬೈಕು ಇರುವವನು ಡಿ.ಟಿ.ಪಿ. ಅಂಗಡಿಗೆ ಓಡಾಡುತ್ತಾನೆ, ಉಳಿದವರು ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತುತ್ತಾರೆ. ಕಲಿಕಾರ್ಥಿ ಕೇಂದ್ರಿತ ಬೋಧನೆಯ ಶ್ರೇಷ್ಠತೆಯನ್ನು ಇಷ್ಟೊಂದು ಸಾಂಪ್ರದಾಯಿಕವಾಗಿ ಸಾಬೀತುಪಡಿಸುವ ಉದಾಹರಣೆ ಬೇರೊಂದು ಸಿಗುವುದು ಕಷ್ಟ.

ಇದರಲ್ಲಿ ಸೋಮಾರಿತನದ ಪಾಲು ಇದ್ದರೂ ಎಲ್ಲವೂ ಸೋಮಾರಿತನವಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂಟು ಜನ ಸೇರಿ ಹಗ್ಗ ಎಳೆಯುವಾಗ ತಲಾ ಬಿದ್ದ ಬಲ ಒಬ್ಬೊಬ್ಬರೇ ಎಳೆಯುವಾಗಿನದರ ಸುಮಾರು ಅರ್ಧಕ್ಕೆ ಇಳಿದಿತ್ತು; ಗುಂಪು ದೊಡ್ಡದಾದಷ್ಟೂ ತಲಾ ಶ್ರಮ ಕುಗ್ಗುವುದು ಮನುಷ್ಯಸಹಜ. ಇದಕ್ಕೆ ಮದ್ದನ್ನು ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ, ಬಿಳಿಯ ಮತ್ತು ಕರಿಯ ಮಕ್ಕಳು ಮೊದಲ ಬಾರಿಗೆ ಒಂದೇ ಕೊಠಡಿಯಲ್ಲಿ ಕೂರತೊಡಗಿದ್ದ ಪ್ರಕ್ಷುಬ್ಧ ದಿನಗಳಲ್ಲಿ ಕಂಡುಕೊಂಡರು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಕೊಟ್ಟು, ಉಳಿದವರಿಗೆ ಆ ತುಂಡು ಆ ಮಗುವಿನ ಬಾಯಿಂದಲೇ ಸಿಗುವಂತೆ ಮಾಡುವ ಈ ಏರ್ಪಾಡಿಗೆ ಜಿಗ್ಸಾ ತಂತ್ರವೆಂದು ಹೆಸರು. ಅಲ್ಲಿ ಯಾರ ಮೌನವೂ ಗುಂಪಿಗೆ ಭರಿಸಲಾಗದ ನಷ್ಟವಾಗುತ್ತದೆ. ಮೇಲೆ ಹೇಳಿದ ಐದು ಪ್ರಶ್ನೆಗಳ ಪೈಕಿ ಆರಿಸಿಕೊಂಡ ಒಂದನ್ನು ಐದು ಶಾಲೆಗಳಲ್ಲಿ ಐವರು ಪ್ರತ್ಯೇಕವಾಗಿ ನೋಡಿ ಬರುವಂತೆ ಯೋಜಿಸಿದ ಗುಂಪಿನಲ್ಲಿ ಹೆಬ್ಬೆರಳು ಎತ್ತಿ ಪಾರಾಗುವ ಅವಕಾಶ ಯಾರಿಗೂ ಇರುವುದಿಲ್ಲ.

ನೋಡಿ ಬರುವುದೆಂದರೆ ಏನನ್ನು ನೋಡುವುದು ಎಂಬುದಕ್ಕೆ ಬಿ.ಇಡಿ. ಪಠ್ಯದಲ್ಲೇ ಸಲಕರಣೆಯುಂಟು. ನೆಡ್ ಫ್ಲಾಂಡರ್ಸ್ ರೂಪಿಸಿದ ಅಂತರಕ್ರಿಯಾ ವಿಶ್ಲೇಷಣೆಯೆಂದರೆ ತರಗತಿಯ ಮಾತುಕತೆಯನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿ ಮೂರು ಸೆಕೆಂಡಿಗೊಮ್ಮೆ ಆಗ ನಡೆಯುತ್ತಿರುವುದರ ಅಂಕಿಯನ್ನು ಬರೆದುಕೊಳ್ಳುವ ಕ್ರಮ. ಮೊದಲ ಏಳು ವರ್ಗಗಳು ಶಿಕ್ಷಕರ ಮಾತಿಗೆ: ಮೆಚ್ಚುಗೆ, ಪ್ರಶ್ನೆ, ಉಪನ್ಯಾಸ, ಆದೇಶ, ಗದರಿಕೆ ಇತ್ಯಾದಿ. ಎಂಟು ಮತ್ತು ಒಂಬತ್ತು ವಿದ್ಯಾರ್ಥಿಗಳಿಗೆ: ಕೇಳಿದ್ದಕ್ಕೆ ಉತ್ತರಿಸುವುದು, ತಾವಾಗಿ ಮಾತೆತ್ತುವುದು. ಹತ್ತನೆಯದು ಮೌನ ಅಥವಾ ಗೊಂದಲ. ನಿಮಿಷಕ್ಕೆ 20ರಂತೆ 40 ನಿಮಿಷದ ಪೀರಿಯಡ್ಡಿಗೆ 800 ಅಂಕಿಗಳಾಗುತ್ತವೆ; ಹಿಂದಿನ ಬೆಂಚಿನಲ್ಲಿ ಕುಳಿತು ಅಷ್ಟನ್ನೂ ಗುರುತಿಸಿದವರ ಬೆರಳಿಗೆ ನೋವಾದರೂ ವರದಿಗೆ ಅಭಿಪ್ರಾಯದ ಬದಲು ಲೆಕ್ಕ ಸಿಕ್ಕುತ್ತದೆ. ತಾನು ಮಕ್ಕಳನ್ನು ಮಾತನಾಡಿಸುತ್ತೇನೆಂದು ಪ್ರಾಮಾಣಿಕವಾಗಿ ನಂಬಿರುವ ಶಿಕ್ಷಕಿಯ ಹಾಳೆಯಲ್ಲಿ ನಾಲ್ಕು, ಎಂಟು, ನಾಲ್ಕು, ಎಂಟು ಎಂದು ಪ್ರಶ್ನೆ ಮತ್ತು ಚುಟುಕು ಉತ್ತರಗಳೇ ಸಾಲುಗಟ್ಟಿ ಒಂಬತ್ತು ಕಾಣಿಸದೆ ಹೋದರೆ, ಅದೊಂದೇ ಹಾಳೆ ಚಾರ್ಟಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಆದರೆ ಈ ಸಲಕರಣೆ ಹುಟ್ಟಿದ್ದು ಶಿಕ್ಷಕರ ಮಾತೇ ಪ್ರಧಾನವಾದ ತರಗತಿಯನ್ನು ಅಳೆಯಲು. ಎಂಟು ಗುಂಪುಗಳು ಏಕಕಾಲಕ್ಕೆ ಚರ್ಚಿಸುತ್ತಿರುವ ಜೀವಂತ ಕೊಠಡಿಯಲ್ಲಿ ಕುಳಿತ ವೀಕ್ಷಕನಿಗೆ ಬರೆಯಲು ಸಿಗುವ ಅಂಕಿ ಹತ್ತು ಮಾತ್ರ. ಅಂದರೆ ಕಲಿಕಾರ್ಥಿ ಕೇಂದ್ರಿತ ಪಾಠ ಅತ್ಯಂತ ಯಶಸ್ವಿಯಾದ ಗಳಿಗೆಯನ್ನು ಹಾಳೆ ಗೊಂದಲವೆಂದು ದಾಖಲಿಸುತ್ತದೆ. ಆದ್ದರಿಂದ ಗುಂಪು ಚಟುವಟಿಕೆಯ ವೇಳೆ ಅಂಕಿ ಬರೆಯುವುದನ್ನು ನಿಲ್ಲಿಸಿ, ಒಂದೇ ಗುಂಪಿನ ಬಳಿ ಕುಳಿತು, ಯಾವ ಮಗು ಏನು ಹೇಳಿತು, ಯಾವುದು ಬಾಯಿ ತೆರೆಯಲೇ ಇಲ್ಲ ಎಂಬುದನ್ನು ಬರೆದುಕೊಳ್ಳುವುದು ಜಾಣತನ. ಇದಕ್ಕಿಂತ ಸುಲಭದ ಅಳತೆಯೂ ಇದೆ. 1970ರ ದಶಕದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿಕೊಟ್ಟಂತೆ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ. ಆ ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರಿಸುವವರ ಸಂಖ್ಯೆಯೂ ಹೆಚ್ಚಿತು. ಬೆಂಚುಗಳನ್ನು ಕದಲಿಸದೆ, ಕಾರ್ಡು ಕತ್ತರಿಸದೆ, ಬಾಯಿ ಮುಚ್ಚಿಕೊಂಡು ಎರಡು ಸೆಕೆಂಡು ಹೆಚ್ಚು ಕಾಯುವುದು ಯಾವ ಕಾಲಮಿಗೆ ಸೇರುತ್ತದೆಯೆಂದು ಹೇಳುವುದು ಕಷ್ಟ. ಮೊಬೈಲಿನ ಗಡಿಯಾರವೊಂದಿದ್ದರೆ ಅಳೆಯುವುದು ಮಾತ್ರ ಸುಲಭ.

ಒಂದು ವಿಭಾಗಕ್ಕೆ ಉಪನ್ಯಾಸ, ಇನ್ನೊಂದಕ್ಕೆ ಚಟುವಟಿಕೆ, ಮಾರನೆಯ ದಿನ ಎರಡಕ್ಕೂ ಒಂದೇ ಕಿರುಪರೀಕ್ಷೆ ಎಂಬ ಪ್ರಯೋಗವನ್ನು ಮಾಡಹೊರಡುವ ಗುಂಪುಗಳೂ ಇವೆ. ಇಲ್ಲಿ ಹಳ್ಳಗಳು ಹಲವು. ಉಪನ್ಯಾಸವನ್ನು ಒಲ್ಲದ ಮನಸ್ಸಿನಿಂದ ಒಪ್ಪಿಸಿ, ಚಟುವಟಿಕೆಗೆ ವಾರವಿಡೀ ಥರ್ಮಾಕೋಲ್ ಕತ್ತರಿಸಿ ತಯಾರಾದರೆ ಗೆಲ್ಲುವುದು ಪದ್ಧತಿಯಲ್ಲ, ತಯಾರಿ. ಪರೀಕ್ಷೆ ಬಿಟ್ಟ ಸ್ಥಳ ತುಂಬಿಸುವ ಬಗೆಯದಾದರೆ ಉಪನ್ಯಾಸಕ್ಕೆ ಅನುಕೂಲ, ಮಾದರಿ ಮಾಡಿ ತೋರಿಸುವ ಬಗೆಯದಾದರೆ ಚಟುವಟಿಕೆಗೆ. ಮಾರನೆಯ ದಿನದ ನೆನಪು ಎರಡು ವಾರದ ನಂತರವೂ ಇರುವುದೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳುವ ಗುಂಪು ವಿರಳ. ಕಿರ್ಷ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಶಿಕ್ಷಣ ಸಂಶೋಧಕರು 2006ರ ಲೇಖನವೊಂದರಲ್ಲಿ, ವಿಷಯಕ್ಕೆ ಹೊಸಬರಾದವರನ್ನು ಕನಿಷ್ಠ ಮಾರ್ಗದರ್ಶನದೊಂದಿಗೆ ತಾವೇ ಕಂಡುಕೊಳ್ಳಲಿ ಎಂದು ಬಿಟ್ಟರೆ ಕಲಿಕೆ ಕುಂಟುತ್ತದೆಂದು ಬಲವಾಗಿ ವಾದಿಸಿದರು. ಒಳ್ಳೆಯ ಅನ್ವೇಷಣಾ ಪಾಠಗಳಲ್ಲಿ ಮಾರ್ಗದರ್ಶನ ಹೇರಳವಾಗಿಯೇ ಇರುತ್ತದೆಂದು ಮರುವರ್ಷವೇ ಬೇರೆ ವಿದ್ವಾಂಸರು ಉತ್ತರಿಸಿದರು. ಎರಡೂ ಕಡೆಯ ವಾದವನ್ನು ಓದಿದವರಿಗೆ ಜಗಳವಿರುವುದು ಶಿಕ್ಷಕರು ಇರಬೇಕೇ ಬೇಡವೇ ಎಂಬುದರ ಬಗ್ಗೆ ಅಲ್ಲ, ನೆರವಿನ ಕೈಯನ್ನು ಯಾವಾಗ ಹಿಂತೆಗೆಯಬೇಕೆಂಬುದರ ಬಗ್ಗೆ ಎಂಬುದು ಹೊಳೆಯುತ್ತದೆ. ನಲಿ-ಕಲಿಯ ಗುಂಪು ತಟ್ಟೆಗಳಂತೂ ಪೂರ್ಣ, ಭಾಗಶಃ, ಸ್ವಕಲಿಕೆ ಎಂಬ ವಿಭಾಗದಲ್ಲಿ ಇದಕ್ಕೆ ತಮ್ಮದೇ ಉತ್ತರವನ್ನು ಎಂದೋ ಕೊಟ್ಟಿವೆ.

ಕಾಲಾವಕಾಶದ ದೂರು ಹಿಂದಿನಷ್ಟು ಸಮರ್ಥನೀಯವಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಿಂದಾಗಿ ಬಿ.ಇಡಿ. ಎರಡು ವರ್ಷಗಳ ಕೋರ್ಸಾಗಿ, ಶಾಲೆಗಳಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರಗಳಿಗೆ ಏರಿದೆ; ಒಂದು ಪ್ರಶ್ನೆಯನ್ನು ಹಿಡಿದು ಐದು ತರಗತಿಗಳನ್ನು ನೋಡಲು ಅದು ಧಾರಾಳ. ಮುಖ್ಯೋಪಾಧ್ಯಾಯರ ಅನುಮತಿ ಪತ್ರವನ್ನು ಮುಂಚಿತವಾಗಿ ಪಡೆದು, ಘಟಕ ಪರೀಕ್ಷೆ, ಪ್ರತಿಭಾ ಕಾರಂಜಿ ಮತ್ತು ವಾರ್ಷಿಕೋತ್ಸವದ ತಾಲೀಮಿನ ದಿನಗಳನ್ನು ಬಿಟ್ಟು ವೇಳಾಪಟ್ಟಿ ಹಾಕಿಕೊಂಡರೆ ಸಾಕು. ವರದಿ ಯಾವ ಕಾಲಮನ್ನೂ ಗೆಲ್ಲಿಸದೆ ಮುಗಿದರೆ ಪರೀಕ್ಷಕರು ಅಂಕ ಕಡಿಯಬಾರದು, ಹಾಗೆ ಮುಗಿದ ವರದಿಯೇ ಹೆಚ್ಚಿನ ಅಂಕಕ್ಕೆ ಅರ್ಹ. ಇಂಥ ವರದಿಗಳ ಪ್ರತಿಗಳು ಸಾಮಾನ್ಯವಾಗಿ ಕಾಲೇಜಿನ ಬೀರುವಿಗೂ ಪ್ರಶಿಕ್ಷಣಾರ್ಥಿಯ ಮನೆಗೂ ಸೇರುತ್ತವೆಯೇ ಹೊರತು, ತನ್ನ ಪಾಠವನ್ನು ಹಿಂದಿನ ಬೆಂಚಿನಿಂದ ಅಳೆಯಲು ಬಿಟ್ಟುಕೊಟ್ಟ ಶಿಕ್ಷಕಿಯ ಕೈಗೆ ಬರುವುದಿಲ್ಲ. ಆ 800 ಅಂಕಿಗಳ ಹಾಳೆಯ ಒಂದು ಝೆರಾಕ್ಸ್ ಪ್ರತಿಯನ್ನಾದರೂ ಗುಂಪು ಆಕೆಗೆ ತಲುಪಿಸಬೇಕು.